ಫ್ರೇಮಿನಲ್ಲಿ ಯಾರೂ ಇರಬಾರದು

ಕ್ಯಾಲೆಂಡರ್ ಶೂಟಿಂಗಿಗೆ ಜಾಗ ಹುಡುಕುವವರು ಮೊದಲು ಬೆಳಕಿನ ಬಗ್ಗೆ ಕೇಳುತ್ತಾರೆ ಅಂದುಕೊಂಡಿದ್ದೆ. ಅವರು ಕೇಳುವುದು ಜನರ ಬಗ್ಗೆ. ನನ್ನ ಕೈಗೆ ಬಂದ ಎಕ್ಸೆಲ್ ಶೀಟಿನಲ್ಲಿ ಜಾಗದ ಹೆಸರು, ಹತ್ತಿರದ ಹೋಟೆಲು, ಸೂರ್ಯೋದಯ, ಸಮುದ್ರದ ಉಬ್ಬರ ಇಳಿತದ ಹೊತ್ತು ಎಲ್ಲ ಮುಗಿದ ಮೇಲೆ ಕೊನೆಯಲ್ಲಿ ‘ಕ್ರೌಡ್’ ಅಂತ ಒಂದು ಕಾಲಂ ಇತ್ತು. ಗೋಕರ್ಣದ ಓಂ ಬೀಚಿನ ಎದುರು ‘ತುಂಬಾ’ ಅಂತಿತ್ತು. ಹಾಫ್ ಮೂನ್ ಬೀಚಿಗೆ ‘ಬೆಳಿಗ್ಗೆ ಕಡಿಮೆ’. ಅಘನಾಶಿನಿ ನದಿ ಸಮುದ್ರ ಸೇರುವ ಕಡೆ, ನೀರು ಇಳಿದಾಗ ಎದ್ದು ಕಾಣುವ ಮರಳ ಬಯಲಿಗೆ ಒಂದೇ ಪದ: ‘ಇಲ್ಲ’. ಅದಕ್ಕೆ ಹಸಿರು ಬಣ್ಣ ಬಳಿದು ಆಯ್ಕೆ ಮಾಡಿದ್ದರು.

ಎರಡು ವರ್ಷದ ಹಿಂದಿನ ನವೆಂಬರಿನ ಮಾತು. ಅಮ್ಮನ ತಮ್ಮ, ನಮ್ಮ ಸೋದರಮಾವ, ನರಸಾಪುರದಲ್ಲಿ ಒಂದು ಸಣ್ಣ ಫೋಟೋ ಸ್ಟುಡಿಯೋ ಇಟ್ಟುಕೊಂಡಿದ್ದಾರೆ. ಮದುವೆ ಇಲ್ಲದ ದಿನಗಳಲ್ಲಿ ಬೆಂಗಳೂರಿನ ದೊಡ್ಡ ಫೋಟೋಗ್ರಾಫರುಗಳ ಜೊತೆ ಲೈಟ್ ಹಿಡಿಯಲು ಹೋಗುವುದೂ ಉಂಟು. ಆ ಸಲ ಅವರ ಜೊತೆಗಾರನಿಗೆ ಡೆಂಗಿ. ನನ್ನ ಸಂಶೋಧನೆಯ ವಿಷಯ ಕನ್ನಡದ ಮನೆಗಳ ಕ್ಯಾಲೆಂಡರ್ ಚಿತ್ರಗಳು ಅಂತ ಮಾವನಿಗೆ ಗೊತ್ತು. "ಬರೀತಾ ಇದ್ದೀಯಲ್ಲಮ್ಮ, ಬಂದು ರಿಫ್ಲೆಕ್ಟರ್ ಹಿಡ್ಕೊ. ದುಡ್ಡೂ ಆಯ್ತದೆ, ಓದೂ ಆಯ್ತದೆ" ಅಂದರು. ಒಂದು ಬಟ್ಟೆ ಕಂಪನಿಯ ಕ್ಯಾಲೆಂಡರ್. ಆರು ಜನ ಮಾಡೆಲ್‌ಗಳು, ಮೂರು ದಿನ, ಎಲ್ಲ ಸೇರಿ ಇಪ್ಪತ್ತಮೂರು ಮಂದಿ ಹೊರಟೆವು.

ಅಲ್ಲಿಯವರೆಗೆ ನಾನು ಓದಿದ್ದೆಲ್ಲ ಬಿಡಿಸಿದ ಕ್ಯಾಲೆಂಡರುಗಳ ಬಗ್ಗೆ. ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಮುದ್ರಣಾಲಯ ಶುರುಮಾಡಿದ್ದು, ನಮ್ಮ ಕಲಬುರಗಿಯ ಎಸ್.ಎಂ. ಪಂಡಿತರ ದೇವದೇವತೆಗಳು ಊರೂರ ಗೋಡೆ ಹತ್ತಿದ್ದು, ಶಿವಕಾಶಿಯ ಪ್ರೆಸ್ಸುಗಳು, ಬೆಂಗಳೂರು ಪ್ರೆಸ್ಸಿನ ಚಿತ್ರವೇ ಇಲ್ಲದ ಗಂಭೀರ ಕ್ಯಾಲೆಂಡರು. ಬಿಡಿಸಿದ ಚಿತ್ರದಲ್ಲಿ ಕಾಡು ಬೇಕಾದರೆ ಕಲಾವಿದ ಕಾಡು ಬಿಡಿಸುತ್ತಾನೆ, ಸರೋವರ ಬೇಕಾದರೆ ಸರೋವರ. ಅಲ್ಲಿಂದ ಯಾರನ್ನೂ ಎಬ್ಬಿಸಿ ಕಳಿಸಬೇಕಾಗಿಲ್ಲ. ಕ್ಯಾಮೆರಾಗೆ ಆ ಸೌಕರ್ಯವಿಲ್ಲ. ಇರುವ ಜಾಗವೊಂದು ಬೇಕು, ಅದು ಯಾರೂ ಇಲ್ಲದ ಹಾಗೆ ಕಾಣಬೇಕು.

ಈ ರೀತಿಯ ಕ್ಯಾಲೆಂಡರಿಗೆ ಲೋಕಪ್ರಸಿದ್ಧ ಹೆಸರು ಪಿರೆಲ್ಲಿ. ಟೈರ್ ಮಾಡುವ ಕಂಪನಿ. 1964ರಿಂದ ಶುರುವಾದ ಆ ಕ್ಯಾಲೆಂಡರು ಅಂಗಡಿಯಲ್ಲಿ ಸಿಗುವುದಿಲ್ಲ, ಕಂಪನಿ ಆರಿಸಿದ ಕೆಲವರಿಗೆ ಮಾತ್ರ ಉಡುಗೊರೆಯಾಗಿ ಹೋಗುತ್ತದೆ. 1970ರಲ್ಲಿ ಅದನ್ನು ಬಹಾಮಾಸ್‌ನಲ್ಲಿ ತೆಗೆದರು, 1971ರಲ್ಲಿ ಜಮೈಕಾದಲ್ಲಿ, 1974ರಲ್ಲಿ ಸೇಶೆಲ್ಸ್ ದ್ವೀಪಗಳಲ್ಲಿ. ಬಹಾಮಾಸ್ ಸ್ವತಂತ್ರವಾದದ್ದು 1973ರಲ್ಲಿ, ಸೇಶೆಲ್ಸ್ 1976ರಲ್ಲಿ. ಅಂದರೆ ಈ ಎರಡು ಕಡೆ ಕ್ಯಾಮೆರಾ ಇಳಿದಾಗ ಅವು ಇನ್ನೂ ಬ್ರಿಟಿಷರ ವಸಾಹತುಗಳು. ಪುಟ ತಿರುವಿದರೆ ಇದು ಗೊತ್ತಾಗುವುದಿಲ್ಲ. ತೆಂಗಿನ ಮರ, ಬಿಳಿ ಮರಳು, ಹುಡುಗಿ, ಅಷ್ಟೆ.

ನಮ್ಮ ಹತ್ತಿರದ ಉದಾಹರಣೆ ಕಿಂಗ್‌ಫಿಷರ್. ಬೆಂಗಳೂರಿನ ಬಿಯರ್ ಕಂಪನಿಯ ಕ್ಯಾಲೆಂಡರು, 2003ರಿಂದ ಅತುಲ್ ಕಸ್ಬೇಕರ್ ತೆಗೆಯುತ್ತ ಬಂದದ್ದು. ಮದ್ಯದ ಜಾಹೀರಾತನ್ನು ಟಿವಿಯಲ್ಲಿ ತೋರಿಸುವಂತಿಲ್ಲ ಅಂತ 2000ದಲ್ಲಿ ನಿಯಮ ಬಂತು. ಕ್ಯಾಲೆಂಡರಿನಲ್ಲಿ ಬಾಟಲಿ ಕಾಣದಿದ್ದರೂ ಹೆಸರು ವರ್ಷವಿಡೀ ಗೋಡೆಯ ಮೇಲಿರುತ್ತಿತ್ತು, ಅದರ ಶೂಟಿಂಗಿನ ಕಾರ್ಯಕ್ರಮವನ್ನಂತೂ ಟಿವಿಯಲ್ಲೇ ತೋರಿಸಬಹುದಿತ್ತು. ಜಾಣತನ ಅಂದರೆ ಇದು. ನಮ್ಮ ಬೆಂಗಳೂರಿನಲ್ಲಿ ಬೆಳೆದ ದೀಪಿಕಾ ಪಡುಕೋಣೆ 2006ರ ಕ್ಯಾಲೆಂಡರಿನಲ್ಲಿದ್ದರು, ಅದೇ ವರ್ಷ ಕನ್ನಡದ ‘ಐಶ್ವರ್ಯ’ ಬಂತು. ನಾನಾಗ ಪ್ರೈಮರಿ ಸ್ಕೂಲು. ನಮ್ಮೂರಿಗೆ ಆ ಕ್ಯಾಲೆಂಡರು ಬರಲಿಲ್ಲ, ಸಿನಿಮಾದ ಪೋಸ್ಟರು ಮಾತ್ರ ಬಂತು.

ಸರಿ, ಅಘನಾಶಿನಿಗೆ ಬರೋಣ.

ಬೆಳಗಿನ ನಾಲ್ಕಕ್ಕೆ ಎದ್ದರೆ ಮೊದಲ ಕೆಲಸ ಕ್ಯಾಮೆರಾ ಬ್ಯಾಗನ್ನು ಎಸಿ ರೂಮಿನಿಂದ ಹೊರಗೆ ತಂದಿಡುವುದು. ಕರಾವಳಿಯ ಗಾಳಿಯಲ್ಲಿ ನೀರು ಎಷ್ಟಿರುತ್ತದೆಂದರೆ, ತಣ್ಣಗಿನ ಲೆನ್ಸಿನ ಮೇಲೆ ಕ್ಷಣದಲ್ಲಿ ಮಂಜು ಕೂರುತ್ತದೆ. ಒರೆಸಿದಷ್ಟೂ ಮತ್ತೆ ಕೂರುತ್ತದೆ. ಗಾಜು ಹೊರಗಿನ ಗಾಳಿಯಷ್ಟು ಬೆಚ್ಚಗಾಗುವವರೆಗೆ ಕಾಯುವುದೇ ದಾರಿ. ಇನ್ನು ಬೆಳಕು. ನಮ್ಮ ಕಡಲು ಪಶ್ಚಿಮಕ್ಕಿದೆ, ಸೂರ್ಯ ಹಿಂದಿನಿಂದ, ಘಟ್ಟದ ಕಡೆಯಿಂದ ಮೇಲೆ ಬರುತ್ತಾನೆ. ಸಮುದ್ರಕ್ಕೆ ಬೆನ್ನು ಹಾಕಿ ನಿಂತವರ ಮುಖಕ್ಕೆ ಬೆಳಗಿನ ಬೆಳಕು ನೇರ ಬೀಳುತ್ತದೆ, ಮೃದುವಾಗಿ. ಆದರೆ ಅದು ನಿಲ್ಲುವುದು ಒಂದು ಗಂಟೆ, ಹೆಚ್ಚೆಂದರೆ ಒಂದೂವರೆ. ಈ ಭಾಗದಲ್ಲಿ ಸೂರ್ಯ ಬೇಗ ಬೇಗ ನೆತ್ತಿಗೆ ಏರುತ್ತಾನೆ. ಒಂಬತ್ತಾದರೆ ಹುಬ್ಬಿನ ನೆರಳು ಕಣ್ಣಿನ ಗುಳಿಗೆ ಬಿದ್ದು ಎಲ್ಲರೂ ವಾರದಿಂದ ನಿದ್ದೆಗೆಟ್ಟವರ ಹಾಗೆ ಕಾಣುತ್ತಾರೆ. ಆಮೇಲೆ ಸಂಜೆ ನಾಲ್ಕರವರೆಗೆ ಕ್ಯಾಮೆರಾ ಮುಟ್ಟುವ ಹಾಗಿಲ್ಲ.

ಹಾಗಾಗಿ ಮರಳ ಬಯಲಲ್ಲಿ ಆರು ಜನರ ಗ್ರೂಪ್ ಫೋಟೋ, ಅಂದರೆ ಕ್ಯಾಲೆಂಡರಿನ ಮುಖಪುಟ, ಒಂದೇ ಬೆಳಿಗ್ಗೆ ಆಗಬೇಕಿತ್ತು. ಸೂರ್ಯೋದಯ ಮತ್ತು ನೀರಿನ ಇಳಿತ ಹತ್ತಿರ ಹತ್ತಿರ ಬರುವ ದಿನ ಅದು. ಇಳಿತದ ಹೊತ್ತು ದಿನಕ್ಕೆ ಸುಮಾರು ಐವತ್ತು ನಿಮಿಷ ಮುಂದೆ ಹೋಗುತ್ತದೆ, ಮಾರನೆಯ ದಿನಕ್ಕೆ ಹಾಕಿಕೊಂಡರೆ ಬೆಳಕು ತಪ್ಪುತ್ತದೆ.

ನಾವು ದೋಣಿಯಿಂದ ಇಳಿಯುವ ಹೊತ್ತಿಗೆ ಮರಳ ಬಯಲಿನ ತುಂಬ ಜನ. ಬುಟ್ಟಿ, ಬಕೆಟ್ಟು, ಪ್ಲಾಸ್ಟಿಕ್ ಚೀಲ ಹಿಡಿದು ಬಗ್ಗಿದ್ದರು. ಹೆಂಗಸರೇ ಹೆಚ್ಚು. ಬಳಚು ಆಯುತ್ತಿದ್ದರು. ಅಘನಾಶಿನಿಯ ಅಳಿವೆ ಬಳಚಿಗೆ ಹೆಸರಾದದ್ದು, ಎಷ್ಟೋ ಮನೆಗಳು ಅದರ ಮೇಲೇ ನಡೆಯುತ್ತವೆ. ನೀರು ಇಳಿದಾಗ ಮಾತ್ರ ಕೆಲಸ, ಏರಿದರೆ ಮುಗಿಯಿತು. ನಮ್ಮ ಎಕ್ಸೆಲ್ ಶೀಟು ತುಂಬಿದವರು ನೀರು ತುಂಬಿದ್ದಾಗ ಬಂದು ನೋಡಿ, ಜನ ‘ಇಲ್ಲ’ ಅಂತ ಬರೆದುಕೊಂಡು ಹೋಗಿದ್ದರು. ನಮಗೆ ಯಾವ ಹೊತ್ತು ಬೇಕೋ ಅದೇ ಹೊತ್ತು ಅವರಿಗೂ ಬೇಕು.

ಮ್ಯಾನೇಜರ್ ಕೆಟ್ಟ ಮನುಷ್ಯ ಏನಲ್ಲ. ಹೋಗಿ ಕೈಮುಗಿದೇ ಮಾತಾಡಿದರು. ಎರಡು ಗಂಟೆ ಆಚೆ ಕೂತಿದ್ದರೆ ಒಬ್ಬೊಬ್ಬರಿಗೂ ಇಷ್ಟು ಅಂತ ಹೇಳಿದರು. ಕೆಲವರು ಒಪ್ಪಿ ದಡದ ಕಡೆ ನಡೆದರು. ವಯಸ್ಸಾದ ಒಬ್ಬಾಕೆ ಒಪ್ಪಲಿಲ್ಲ. ನನ್ನ ಕೈಯಲ್ಲಿದ್ದ ಬೆಳ್ಳಿ ಬಣ್ಣದ ದೊಡ್ಡ ತಟ್ಟೆಯನ್ನೇ ನೋಡುತ್ತ, "ಇದೆಂತದು ತಂಗಿ?" ಅಂತ ಕೇಳಿದರು. ಬಿಸಿಲು ತಿರುಗಿಸಿ ಮುಖಕ್ಕೆ ಹಾಕುವುದು ಅಂದೆ. "ಬಿಸಿಲು ತಂದು ಹಾಕೂದು ಮತ್ತೆ ಯಾಕೆ, ಇದ್ದದ್ದೇ ಸಾಕಾಗ್ತದೆ" ಅಂದು ಮತ್ತೆ ಬಗ್ಗಿದರು. ಅವರು ಕಡೆಯವರೆಗೂ ಅಲ್ಲೇ ಇದ್ದರು, ಎಡಕ್ಕೆ, ದೂರದಲ್ಲಿ. ಫೋಟೋಗ್ರಾಫರು ಒಂದು ಸಲ ನೋಡಿ, "ಇರಲಿ ಬಿಡಿ, ಪೋಸ್ಟಿನಲ್ಲಿ ತೆಗೀತೀವಿ" ಅಂದರು. ಪೋಸ್ಟ್ ಅಂದರೆ ಆಮೇಲೆ ಕಂಪ್ಯೂಟರಿನಲ್ಲಿ ನಡೆಯುವ ಕೆಲಸ. ಈಗ ಅದಕ್ಕೆ ಎರಡು ನಿಮಿಷ ಸಾಕು. ಬೇಡದ್ದರ ಸುತ್ತ ಗೆರೆ ಎಳೆದರೆ ತಂತ್ರಾಂಶವೇ ಅಲ್ಲಿ ಮರಳು ತುಂಬುತ್ತದೆ.

ಗ್ರೂಪ್ ಫೋಟೋದ ಕಷ್ಟ ನೋಡುವವರಿಗೆ ತಿಳಿಯದು. ಮುಂದಿನ ಸಾಲು, ಹಿಂದಿನ ಸಾಲು ಎರಡೂ ಸ್ಪಷ್ಟವಾಗಿರಬೇಕಾದರೆ ಲೆನ್ಸಿನ ಬಾಯಿ ಸಣ್ಣದು ಮಾಡಬೇಕು. ಸಣ್ಣದು ಮಾಡಿದರೆ ಬೆಳಕು ಸಾಲದು. ಒಬ್ಬಳ ಕೂದಲು ಇನ್ನೊಬ್ಬಳ ಮುಖಕ್ಕೆ ಹಾರುತ್ತದೆ. ಆರು ಜನರಲ್ಲಿ ಒಬ್ಬಳಾದರೂ ಕಣ್ಣು ಮುಚ್ಚುತ್ತಾಳೆ. ಇದಕ್ಕಿಂತ ದೊಡ್ಡದು ಮೈಬಣ್ಣದ ಲೆಕ್ಕ. ಆರರಲ್ಲಿ ಒಬ್ಬ ಹುಡುಗಿ ಕಪ್ಪಗಿದ್ದಳು, ನಮ್ಮ ಕೋಲಾರದ ಕಡೆಯ ಕಪ್ಪು, ನನ್ನ ಹಾಗೆ. ಉಳಿದವರಿಗೆ ಸರಿಯಾದ ಎಕ್ಸ್‌ಪೋಶರಿನಲ್ಲಿ ಅವಳ ಮುಖದ ಗೆರೆಗಳು ಮುಳುಗುತ್ತಿದ್ದವು. ಕೊಡಾಕ್ ಕಂಪನಿ ಬಣ್ಣ ಹೊಂದಿಸಿಕೊಳ್ಳಲೆಂದು ಲ್ಯಾಬುಗಳಿಗೆ ಕಳಿಸುತ್ತಿದ್ದ ಕಾರ್ಡಿನಲ್ಲಿ ದಶಕಗಳ ಕಾಲ ಬಿಳಿಯ ಹೆಂಗಸಿನ ಮುಖವೇ ಇರುತ್ತಿತ್ತು, ಅದಕ್ಕೆ ಶರ್ಲಿ ಕಾರ್ಡ್ ಅಂತಲೇ ಹೆಸರು ಬಿತ್ತು. ಅದನ್ನು ನಾನು ಲೈಬ್ರರಿಯಲ್ಲಿ ಓದಿದ್ದೆ. ಇಲ್ಲಿ ಡಿಜಿಟಲ್ ಕ್ಯಾಮೆರಾ, ಸರಿಪಡಿಸಲು ನೂರು ದಾರಿ. ಆದರೂ ಸುಲಭದ ದಾರಿ ಅವಳನ್ನು ಕೊನೆಗೆ ನಿಲ್ಲಿಸಿ, ಸ್ವಲ್ಪ ಪಕ್ಕಕ್ಕೆ ತಿರುಗಿಸುವುದು. ಹಾಗೇ ಮಾಡಿದರು. ನಾನು ರಿಫ್ಲೆಕ್ಟರಿನ ಬೆಳಕನ್ನು ಅವಳ ಕಡೆಗೇ ಹಿಡಿದಿದ್ದೆ. "ಮೇಡಂ, ಸೆಂಟರ್‌ಗೆ ಕೊಡಿ" ಅಂತ ಎರಡು ಸಲ ಕೂಗಿದರು. ಆ ಹುಡುಗಿ ಬ್ರೇಕಿನಲ್ಲಿ ನನ್ನ ಪಕ್ಕ ಕೂತು ಎಳನೀರು ಕುಡಿದಳು. "ಅಭ್ಯಾಸ ಆಗಿದೆ. ಕೊನೆಯಲ್ಲಿ ನಿಂತೋರನ್ನ ಯಾರೂ ಕ್ರಾಪ್ ಮಾಡದೆ ಇದ್ರೆ ಸಾಕು" ಅಂದಳು. ನಗುತ್ತಲೇ ಹೇಳಿದಳು.

ಆ ಮೂರು ದಿನದಲ್ಲಿ ಹನ್ನೆರಡು ತಿಂಗಳು ಮುಗಿದವು. ಜನವರಿ ಬೆಳಿಗ್ಗೆ, ಮೇ ಸಂಜೆ, ಜೂನ್ ಮತ್ತು ಅಕ್ಟೋಬರ್ ಒಂದೇ ಬಂಡೆಯ ಎರಡು ಮಗ್ಗುಲು. ಜೂನಿನ ಪುಟದಲ್ಲೂ ಬಿಸಿಲು. ಜೂನ್ ತಿಂಗಳಲ್ಲಿ ಆ ಕರಾವಳಿಯಲ್ಲಿ ನಿಂತರೆ ಮಳೆಗೆ ಎದುರಿನ ಮನುಷ್ಯ ಕಾಣುವುದಿಲ್ಲ. ನಮ್ಮ ಮನೆಯ ಪಂಚಾಂಗದ ಕ್ಯಾಲೆಂಡರಿನಲ್ಲಿ ಮಳೆ ನಕ್ಷತ್ರಗಳಿರುತ್ತವೆ, ರೋಹಿಣಿ, ಮೃಗಶಿರ, ಆರಿದ್ರ ಅಂತ ಒಂದೊಂದೂ ಹದಿಮೂರು ಹದಿನಾಲ್ಕು ದಿನ. ಕೋಲಾರದಲ್ಲಿ ಆ ಮಳೆ ಬರುವುದು ಬಿಡುವುದು ಬೇರೆ ಮಾತು. ಬರಲಿಲ್ಲ ಅಂತ ಬೈಯಲಾದರೂ ಹೆಸರು ಬೇಕಲ್ಲ. ಈ ಕ್ಯಾಲೆಂಡರಿಗೆ ವರ್ಷಪೂರ್ತಿ ಒಂದೇ ಹವೆ.

ಈ ‘ಇಲ್ಲ’ ಅನ್ನುವ ಕಾಲಂ ನನ್ನನ್ನು ಯಾಕೆ ಇಷ್ಟು ಕಾಡಿತು ಅಂದರೆ, ಅದನ್ನು ಮೊದಲು ನೋಡಿದ್ದು ಅಲ್ಲಲ್ಲ. ನಮ್ಮೂರಿನ ಪಕ್ಕ ಇವತ್ತು ಕೈಗಾರಿಕಾ ಪ್ರದೇಶವಿದೆ. ರಾಷ್ಟ್ರೀಯ ಹೆದ್ದಾರಿ 75ರಲ್ಲಿ ಬೆಂಗಳೂರಿನಿಂದ ಕೋಲಾರಕ್ಕೆ ಹೋಗುವವರಿಗೆ ಕಾಣುತ್ತದೆ. 2013ರಿಂದ ಹೋಂಡಾ ಸ್ಕೂಟರುಗಳು ಅಲ್ಲಿಂದ ಹೊರಡುತ್ತವೆ, 2020ರಿಂದ ಐಫೋನುಗಳೂ. ಅಜ್ಜಿಯ ಒಂದೂವರೆ ಎಕರೆ ಭೂಸ್ವಾಧೀನಕ್ಕೆ ಹೋಯಿತು. ನೋಟಿಸಿನಲ್ಲಿ ಸರ್ವೆ ನಂಬರು, ವಿಸ್ತೀರ್ಣ, ಪಕ್ಕದಲ್ಲಿ ‘ಖುಷ್ಕಿ’ ಅಂತ ಇತ್ತು. ಖುಷ್ಕಿ ಅಂದರೆ ಮಳೆ ನಂಬಿದ ಜಮೀನು, ತಪ್ಪೇನಿಲ್ಲ. ಆದರೆ ಅಜ್ಜಿ ರಾಗಿ ಹೊಲದ ಬದುವಿನ ಹೊಂಗೆಮರದ ಕೆಳಗೆ ಬಂಡೆಯೊಂದರ ಮೇಲೆ ಕೂತು ಮುದ್ದೆ ಉಣ್ಣುತ್ತಿದ್ದದ್ದು, ಅವರೆ ಸಾಲು, ಪಕ್ಕದ ಹೊಲದವರ ಜೊತೆ ಮೂವತ್ತು ವರ್ಷದ ಬದುವಿನ ಜಗಳ, ಇವಕ್ಕೆ ಆ ಕಾಗದದಲ್ಲಿ ಜಾಗವಿರಲಿಲ್ಲ. ಪರಿಹಾರ ಬಂತು. ಆ ದುಡ್ಡಿನಲ್ಲೇ ಮನೆಯ ಮೇಲೆ ಮೂರು ರೂಮು ಕಟ್ಟಿದೆವು, ನನ್ನ ಎಂ.ಎ. ಓದೂ ಅದರಲ್ಲೇ ಆಯಿತು. ಅಜ್ಜಿ ಕೂಡ ಅತ್ತು ಕರೆದು ಮಾಡಲಿಲ್ಲ. "ಮಳೆ ಇಲ್ಲದ ಹೊಲ ಇಟ್ಕೊಂಡು ನೀನು ಏನು ಉದ್ಧಾರ ಮಾಡ್ತಿದ್ದೆ" ಅಂತ ನನ್ನನ್ನೇ ಕೇಳಿದ್ದಳು. ಆಮೇಲೆ ಒಂದು ದಿನ, ಬೇಲಿ ಹಾಕಿದ ಮೇಲೆ, ಬಂಡೆಯನ್ನು ಏನು ಮಾಡಿದರು ಅಂತ ವಿಚಾರಿಸಿಕೊಂಡು ಬಾ ಅಂತ ಮಾವನನ್ನು ಕಳಿಸಿದ್ದಳು. ಸಿಡಿಸಿದ್ದರು.

ಆ ಮೂರು ರೂಮುಗಳಲ್ಲಿ ಈಗ ಒಂಬತ್ತು ಹೆಣ್ಣುಮಕ್ಕಳು ಬಾಡಿಗೆಗಿದ್ದಾರೆ. ಸಿಂಧನೂರು, ಕುಷ್ಟಗಿ, ಚಿಂತಾಮಣಿ, ಮುಳಬಾಗಿಲು, ಒಬ್ಬಳು ಜಾರ್ಖಂಡದವಳು. ಎಲ್ಲರೂ ಊರ ಪಕ್ಕದ ಕಾರ್ಖಾನೆಗಳಲ್ಲಿ ಕೆಲಸಕ್ಕಿರುವವರು. ಮೂರು ಪಾಳಿ. ಒಬ್ಬಳು ಮಲಗುವಾಗ ಇನ್ನೊಬ್ಬಳು ತಲೆ ಬಾಚಿಕೊಳ್ಳುತ್ತಿರುತ್ತಾಳೆ.

ಅಘನಾಶಿನಿಯಿಂದ ಬಂದು ಊಟದ ಮನೆಯಲ್ಲಿ ಆ ಫೋಟೋಗಳ ಬಗ್ಗೆ ಹೇಳುತ್ತಿದ್ದಾಗ ಸಿಂಧನೂರಿನವಳು, "ಅಕ್ಕಾ, ನಮ್ದೂ ಒಂದು ಮಾಡ್ರಲಾ ಕ್ಯಾಲೆಂಡರ್" ಅಂದಳು. ತಮಾಷೆಗೆ ಅಂದದ್ದು. ಆದರೆ ಆಮೇಲೆ ಬಿಡಲಿಲ್ಲ. ಕೆಲಸದ ಜಾಗದಲ್ಲಿ ಫೋಟೋ ತೆಗೆಯುವಂತಿಲ್ಲ, ಅದು ಎಲ್ಲ ದೊಡ್ಡ ಕಾರ್ಖಾನೆಗಳಲ್ಲಿ ಇರುವ ನಿಯಮವೇ. ಊರಿಗೆ ಕಳಿಸಲು ಅವರ ಹತ್ತಿರ ಇರುವುದೆಲ್ಲ ರೂಮಿನ ಗೋಡೆಗೆ ಒರಗಿ ತೆಗೆದ ಸೆಲ್ಫಿಗಳು. ಕುಷ್ಟಗಿಯವಳ ಅಪ್ಪ ಫೋನಿನಲ್ಲಿ ಕೇಳುತ್ತಾನಂತೆ, "ನೀ ಇರೋ ಊರು ಹ್ಯಾಂಗೈತಿ ಅಂತ ಒಂದ್ಸಲಾನೂ ತೋರಿಸಿಲ್ಲಲ್ಲ."

ಒಂಬತ್ತೂ ಜನಕ್ಕೆ ಒಟ್ಟಿಗೆ ರಜೆ ಸಿಕ್ಕಿದ್ದು ಮುಂದಿನ ವರ್ಷದ ದಸರಾಕ್ಕೆ, ವಿಜಯದಶಮಿಯ ದಿನ. ಜಾಗ ಯಾವುದು ಅಂತ ದೊಡ್ಡ ಚರ್ಚೆ. ಅಂತರಗಂಗೆ ಬೆಟ್ಟ ಅಂದರು, ರಜೆಯ ದಿನ ಕಾಲಿಡಲು ಜಾಗ ಇರುವುದಿಲ್ಲ. ಕಡೆಗೆ ನರಸಾಪುರದ ಕೆರೆಯೇ ಗಟ್ಟಿಯಾಯಿತು. ನಾನು ಚಿಕ್ಕವಳಿದ್ದಾಗ ಅದು ಕ್ರಿಕೆಟ್ ಮೈದಾನ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಕೋಲಾರದ ಕೆರೆಗಳಿಗೆ ಬಿಡುತ್ತಿದ್ದಾರೆ, ನಮ್ಮ ಕೆರೆಯೂ ತುಂಬಿತು. ಎರಡು ಹಂತ ಶುದ್ಧ ಮಾಡಿದರೆ ಸಾಕೋ ಮೂರನೆಯದೂ ಬೇಕೋ ಅನ್ನುವ ಜಗಳ ಮುಗಿದಿಲ್ಲ. ಫೋಟೋದಲ್ಲಿ ಮಾತ್ರ ನೀರು ನೀಲಿ. ಈಗ ಮದುವೆಗೆ ಮುಂಚಿನ ಶೂಟಿಂಗಿಗೂ ಅಲ್ಲಿಗೆ ಬರುತ್ತಾರೆ, ಮಾವನಿಗೆ ಅದರಿಂದ ಒಳ್ಳೆಯ ವ್ಯಾಪಾರ.

ಮಾವನ ಸಲಕರಣೆ ಅಂದರೆ ಒಂದು ಹಳೆಯ ಕ್ಯಾಮೆರಾ, ಎರಡು ಥರ್ಮೋಕೋಲ್ ಹಲಗೆ, ನಮ್ಮಮ್ಮನ ಒಂದು ಬಿಳಿ ಬೆಡ್‌ಶೀಟು. ಬಿಸಿಲಲ್ಲಿ ನಿಲ್ಲಿಸಲೇ ಇಲ್ಲ. ಏರಿಯ ಕೆಳಗಿನ ಹೊಂಗೆಮರಗಳ ನೆರಳಿಗೆ ಒಂಬತ್ತೂ ಜನರನ್ನು ಕರೆದುಕೊಂಡು ಹೋಗಿ, ಬೆಡ್‌ಶೀಟನ್ನು ಅವರ ಎದುರಿಗೆ ನೆಲದ ಮೇಲೆ ಹಾಸಿದರು. ಕೆಳಗಿನಿಂದ ಏರುವ ಬೆಳಕಿನಲ್ಲಿ ಕಪ್ಪು ಬಿಳುಪು ಎಲ್ಲ ಮುಖಗಳೂ ಒಂದೇ ಸಮ ಬಂದವು. ಮದುವೆ ಮನೆಗಳಲ್ಲಿ ಎರಡು ಕಡೆಯ ಬೀಗರನ್ನೂ ಒಂದೇ ಫ್ರೇಮಿನಲ್ಲಿ ಸಮಾಧಾನ ಮಾಡಿ ಕಲಿತ ವಿದ್ಯೆ. ಅತ್ಯಂತ ಕಪ್ಪಗಿದ್ದ ಜಾರ್ಖಂಡದ ಹುಡುಗಿಯನ್ನು ನೋಡಿ ಅಳತೆ ತೆಗೆದುಕೊಂಡು, ಉಳಿದವರನ್ನು ಅದಕ್ಕೆ ಹೊಂದಿಸಿದರು. ಯಾಕೆ ಮಾವ ಅಂದರೆ, "ಬೆಳ್ಳಗಿರೋರು ಹೆಂಗಿದ್ರೂ ಕಾಣ್ತಾರೆ ಕಣಮ್ಮ" ಅಂದರು.

ಏರಿಯ ಮೇಲಿನ ಗ್ರೂಪ್ ಫೋಟೋದ ಹೊತ್ತಿಗೆ ಎಮ್ಮೆಗಳು ಬಂದವು. ಹಿಂದೆ ಒಬ್ಬ ತಾತ. ನಾನು ತಾತನನ್ನು ಸ್ವಲ್ಪ ನಿಲ್ಲಿಸಲು ಕೈ ಎತ್ತುವಷ್ಟರಲ್ಲಿ ಚಿಂತಾಮಣಿಯ ಹುಡುಗಿ ತೆಲುಗಿನಲ್ಲಿ ಮಾತಾಡಿಸಿಬಿಟ್ಟಿದ್ದಳು. ತಾತ ಕಂಬಳಿ ಕೊಡವಿ ಹೆಗಲಿಗೆ ಹಾಕಿಕೊಂಡು, ಯಾರೂ ಕರೆಯದೆಯೇ ಸಾಲಿನ ಮಧ್ಯಕ್ಕೆ ಬಂದು ನಿಂತ. ಎಮ್ಮೆಗಳು ಹಿಂದೆ. "ನಂದೂ ಅಲ್ಲೇ ಇತ್ತಮ್ಮ ಎರಡೆಕರೆ" ಅಂತ ಕಾರ್ಖಾನೆಯ ಕಡೆ ಕೈ ತೋರಿಸಿದ, ಹುಡುಗಿಯರು ಅವರ ಊರಿನ ಬಗ್ಗೆ ಹೇಳುವಷ್ಟೇ ಸಹಜವಾಗಿ. ಮಾವ ಕ್ಲಿಕ್ ಮಾಡಿದರು. ಹತ್ತನೆಯದೋ ಹನ್ನೊಂದನೆಯದೋ ಫೋಟೋದಲ್ಲಿ ಎಲ್ಲರ ಕಣ್ಣೂ ತೆರೆದಿದ್ದವು, ಒಂದು ಎಮ್ಮೆಯದು ಬಿಟ್ಟು.

ಅಘನಾಶಿನಿಯ ಕ್ಯಾಲೆಂಡರಿನ ಒಂದು ಪ್ರತಿ ಅಷ್ಟರಲ್ಲಿ ನನ್ನ ಹತ್ತಿರವಿತ್ತು. ಮುಖಪುಟದ ಎಡಕ್ಕೆ ಬರೀ ಮರಳು. ತುಂಬ ಹತ್ತಿರದಿಂದ, ಲೆನ್ಸ್ ಇಟ್ಟು ನೋಡಿದೆ. ಬಗ್ಗಿದ್ದ ಆ ಹೆಂಗಸು ಇದ್ದ ಜಾಗದಲ್ಲಿ ಮರಳಿನ ಅಲೆಗಳು ಎರಡು ಕಡೆ ಒಂದೇ ನಮೂನೆಯಾಗಿದ್ದವು, ಪ್ರಕೃತಿಯಲ್ಲಿ ಹಾಗಾಗುವುದಿಲ್ಲ. ಕೊನೆಯಲ್ಲಿ ನಿಂತ ಹುಡುಗಿಯ ಭುಜದವರೆಗೆ ಮಾತ್ರ ಫ್ರೇಮು. ನನ್ನ ಥೀಸಿಸ್ಸಿನ ನಾಲ್ಕನೆಯ ಅಧ್ಯಾಯ ಆ ಎರಡು ಅಂಗುಲದ ಬಗ್ಗೆ. ಇದಕ್ಕೆ ಸಾಕ್ಷಿ ಏನು ಅಂತ ಗೈಡ್ ಕೇಳಿದರು. ನಾನೇ, ರಿಫ್ಲೆಕ್ಟರ್ ಹಿಡಿದವಳು ಅಂದೆ. ಅಡಿಟಿಪ್ಪಣಿಯಲ್ಲಿ ಹಾಗೇ ಬರೆಯಬಹುದೋ ಇಲ್ಲವೋ ಅನ್ನುವುದು ಇನ್ನೂ ತೀರ್ಮಾನವಾಗಿಲ್ಲ.

ನಮ್ಮ ಕ್ಯಾಲೆಂಡರು ಡಿಸೆಂಬರಿಗೆ ಬಂತು. ಹದಿನೈದು ಪ್ರತಿ. ಒಂಬತ್ತು ಅವರಿಗೆ, ಒಂದು ತಾತನಿಗೆ, ಉಳಿದವು ನಮಗೆ. ದಿನಾಂಕದ ಕೆಳಗೆ ಪಾಳಿ ಬರೆದುಕೊಳ್ಳಲು ಮಾವ ಖಾಲಿ ಗೆರೆ ಬಿಡಿಸಿದ್ದರು, ಹುಡುಗಿಯರೇ ಕೇಳಿ ಮಾಡಿಸಿದ್ದು. ಜೂನಿಗೆ ಮಳೆ ಬೇಕು ಅಂತ ನಾನು ಹಟ ಮಾಡಿದೆ, ಆದರೆ ವಿಜಯದಶಮಿಯ ದಿನ ಒಂದು ಹನಿಯೂ ಬಿದ್ದಿರಲಿಲ್ಲ. ಜೂನಿಗೆ ಕೊಡೆ ಹಿಡಿದು ನಿಲ್ಲಿಸಿದ್ದಾರೆ, ಬಿಸಿಲಿಗೆ.

ಸಿಂಧನೂರಿನವಳು ಹೊಸ ವರ್ಷಕ್ಕೆ ಮೊದಲೇ ಕೆಲಸ ಬಿಟ್ಟು ಊರಿಗೆ ಹೋದಳು. ತಾಯಿಗೆ ಆರೋಗ್ಯ ಸರಿ ಇರಲಿಲ್ಲ. ಅವಸರದಲ್ಲಿ ಅವಳ ಪ್ರತಿ ಇಲ್ಲೇ ಉಳಿಯಿತು. ಕಳೆದ ವಾರ ಫೋನ್ ಮಾಡಿದ್ದಳು. ಪೂರ್ತಿ ಕಳಿಸ್ತೀನಿ, ವಿಳಾಸ ಕೊಡು ಅಂದೆ.

"ಪೂರ್ತಿ ಬ್ಯಾಡ್ರಿ ಅಕ್ಕಾ, ಆಧಾ ವರ್ಷ ಮುಗದು ಹೋತು. ಎಮ್ಮಿ ಇರೋದು ಒಂದು ಕಳಸ್ರಿ. ಅವ್ವಗ ತೋರಿಸ್ಬೇಕು, ಅಲ್ಲೂ ಎಮ್ಮಿ ಅದಾವು ಅಂದ್ರ ನಂಬವಲ್ಲಳು."